ಬಣ್ಣ ಕೊನೆಗೆ

ನಾನು ರಿಪೇರಿ ಮಾಡಿದ ಈ ಹಳೇ ಜಾವಾ ಮೋಟರ್‌ಸೈಕಲ್ ನೋಡಿದವರು ಮೊದಲು ಕೇಳುವುದು ಒಂದೇ ಮಾತು. ‘ಹೊಸ ಜಾವಾನೇ ಸಿಗುತ್ತಲ್ಲ ಸಾರ್, ಇಷ್ಟು ಒದ್ದಾಟ ಯಾಕೆ?’ ಸಿಗುತ್ತೆ, ನಿಜ. 2018ರಲ್ಲಿ ಜಾವಾ ಹೆಸರು ಮತ್ತೆ ಮಾರುಕಟ್ಟೆಗೆ ಬಂತು. 2022ರಲ್ಲಿ ಅದರದೇ ಇನ್ನೊಂದು ಹೆಸರಾದ ಯೆಜ್ಡಿಯೂ ಬಂತು. ಒಳ್ಳೆ ಗಾಡಿಗಳೇ. ಆದರೆ ನನಗೆ ಬೇಕಾಗಿದ್ದು ಜಾವಾ ಅನ್ನುವ ಹೆಸರಲ್ಲ. ನಮ್ಮ ಚಿಕ್ಕಪ್ಪ 1969ರಲ್ಲಿ ತಂದು, 15 ವರ್ಷ ಓಡಿಸಿ, ನನಗೆ ಕೆಲಸ ಸಿಕ್ಕಿದ ವಾರ ‘ತಗೋ, ಇನ್ಮೇಲೆ ಇದು ನಿಂದು’ ಅಂತ ಕೈಗೆ ಕೊಟ್ಟರಲ್ಲ, ಆ ಒಂದು ಗಾಡಿ ನನಗೆ ಬೇಕಿತ್ತು. ಅದು ಆಗ ಹೇಗೆ ಓಡುತ್ತಿತ್ತೋ ಹಾಗೇ ಓಡಬೇಕಿತ್ತು.

ಇವತ್ತು ನಾನು ಹೇಳುವುದೆಲ್ಲ ಈ ‘ಓಡಬೇಕು’ ಅನ್ನುವುದರ ಸುತ್ತಲೇ. ಇಲ್ಲಿ ಕೂತಿರುವ ಎಷ್ಟೋ ಜನರ ಮನೆ ಹಿಂದೆ, ಸೌದೆ ಪಕ್ಕದಲ್ಲೋ ಮೆಟ್ಟಿಲ ಕೆಳಗೋ, ಒಂದು ಗಾಡಿ ನಿಂತಿದೆ. ಅದನ್ನು ಹೊರಗೆ ಎಳೆದ ದಿನ ನೀವು ಮೊದಲು ಹೋಗುವುದು ಪೇಂಟ್ ಮಾಡುವವರ ಹತ್ತಿರ. ನಾನು ತುಂಬಾ ಜನರನ್ನು ನೋಡಿದ್ದೇನೆ. ಕನ್ನಡಿಯ ಹಾಗೆ ಹೊಳೆಯುವ ಟ್ಯಾಂಕು, ಹೊಸ ಕ್ರೋಮು, ಹೊಸ ಸೀಟು. ಗಾಡಿ ಮಾತ್ರ ಹಾಲ್‌ನಲ್ಲಿ ನಿಂತಿರುತ್ತದೆ, ಮೂರು ಕಿಲೋಮೀಟರ್ ಓಡುವುದಿಲ್ಲ. ಅಷ್ಟರಲ್ಲಿ ದುಡ್ಡೂ ಮುಗಿದಿರುತ್ತದೆ, ಮನಸ್ಸೂ ಸೋತಿರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಎಂಜಿನ್ ಮೊದಲು, ಬ್ರೇಕು ಆಮೇಲೆ, ವೈರಿಂಗ್ ಆಮೇಲೆ. ಬಣ್ಣ ಕೊನೆಗೆ.

ಗಾಡಿಯ ವಿಷಯಕ್ಕೆ ಹೋಗುವ ಮುಂಚೆ ಊರಿನ ವಿಷಯ ಒಂದೆರಡು ಮಾತು ಹೇಳಿಬಿಡುತ್ತೇನೆ. ಇಲ್ಲಿರುವ ಹುಡುಗರಲ್ಲಿ ಕೆಲವರಿಗೆ ಜಾವಾ ಅಂದರೆ ಬರೀ ಹಳೇ ಗಾಡಿ. ಅದು ನಮ್ಮ ಮೈಸೂರಿನ ಯಾದವಗಿರಿಯಲ್ಲಿ ತಯಾರಾಗುತ್ತಿತ್ತು. ಮೂಲ ಜೆಕೊಸ್ಲೊವಾಕಿಯಾದ್ದು. ಅಲ್ಲಿ ಯಾನೆಚೆಕ್ ಅನ್ನುವವರು 1929ರಲ್ಲಿ ವಾಂಡರರ್ ಅನ್ನುವ ಜರ್ಮನ್ ಮೋಟರ್‌ಸೈಕಲ್ಲನ್ನು ತಮ್ಮ ಕಾರ್ಖಾನೆಯಲ್ಲಿ ಮಾಡಲು ಶುರು ಮಾಡಿದರು. ಯಾನೆಚೆಕ್ ಅನ್ನುವುದನ್ನು ಜೆಕ್ ಭಾಷೆಯಲ್ಲಿ Janeček ಅಂತ ಬರೆಯುತ್ತಾರೆ, ಅದರ ಮೊದಲ ಎರಡು ಅಕ್ಷರ JA, ವಾಂಡರರ್‌ನ (Wanderer) ಮೊದಲ ಎರಡು ಅಕ್ಷರ WA, ಸೇರಿಸಿದರೆ ಜಾವಾ. ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ ಅವರ ಐಡಿಯಲ್ ಜಾವಾ ಕಂಪನಿ 1960ರಲ್ಲಿ ಮೈಸೂರಿನಲ್ಲಿ ಹುಟ್ಟಿತು, ಮುಂದಿನ ವರ್ಷ ಗಾಡಿಗಳು ಹೊರಬಂದವು. ಎಪ್ಪತ್ತರ ದಶಕದಲ್ಲಿ ಅದೇ ಗಾಡಿಗೆ ಯೆಜ್ಡಿ ಅನ್ನುವ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ನಾನು ಚಿಕ್ಕವನಿದ್ದಾಗ ನಮ್ಮ ಬೀದಿಯಲ್ಲೇ ಇಬ್ಬರು ಅಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಗಾಡಿ ಕೆಟ್ಟರೆ ಗ್ಯಾರೇಜಿಗೆ ಹೋಗುತ್ತಿರಲಿಲ್ಲ. ಸಂಜೆ ಅವರು ಬರುವವರೆಗೆ ಕಾಯುತ್ತಿದ್ದೆವು. ಈಗ ನನಗೆ ಕೆಲಸ ಕಲಿಸಿದ ಮೇಸ್ತ್ರಿಯವರೂ ಅಲ್ಲೇ ಎಂಜಿನ್ ಜೋಡಿಸಿದವರು. ಅವರಿಗೆ ಎಪ್ಪತ್ತು ದಾಟಿದೆ.

ಸರಿ, ಗಾಡಿಗೆ ಬರೋಣ. ನನ್ನದು 250 ಸಿಸಿಯದ್ದು, ಸರಿಯಾಗಿ ಹೇಳಬೇಕೆಂದರೆ 248.5. ಒಂದೇ ಸಿಲಿಂಡರು, ಎರಡು ಸೈಲೆನ್ಸರು, 16 ಇಂಚಿನ ಚಕ್ರ, ನಾಲ್ಕು ಗೇರು. 1984ರಿಂದ 1997ರವರೆಗೆ ಓಡಿಸಿದೆ. ನಂಜನಗೂಡಿಗೆ, ಶ್ರೀರಂಗಪಟ್ಟಣಕ್ಕೆ, ಒಂದು ಸಲ ಮಡಿಕೇರಿಗೆ. ಮದುವೆಯಾದ ಹೊಸದರಲ್ಲಿ ನಾವಿಬ್ಬರೂ ಚಾಮುಂಡಿ ಬೆಟ್ಟ ಹತ್ತಿದ್ದು ಇದರಲ್ಲೇ. ಆಮೇಲೆ ಮಗಳು ಹುಟ್ಟಿದಳು, ಸ್ಕೂಟರ್ ಬಂತು, ಇದು ಶೆಡ್ಡಿಗೆ ಹೋಯಿತು. ‘ಮುಂದಿನ ತಿಂಗಳು ರಿಪೇರಿ ಮಾಡಿಸೋಣ’ ಅಂದುಕೊಂಡೇ 24 ವರ್ಷ ಕಳೆಯಿತು. 2021ರಲ್ಲಿ ಹೊರಗೆ ಎಳೆದೆ.

ಎಳೆದ ದಿನ ಮಾಡಬಾರದ ಒಂದು ಕೆಲಸ ಇದೆ. ಕಿಕ್ ಹೊಡೆಯುವುದು. ಕಾಲು ತಡೆಯುವುದಿಲ್ಲ, ನನಗೆ ಗೊತ್ತು. ಜಾವಾದಲ್ಲಿ ಗೇರ್ ಲಿವರೇ ಕಿಕ್ಕರು, ಎಡಗಡೆ. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗಿ ಎದ್ದು ನಿಲ್ಲುತ್ತದೆ. 24 ವರ್ಷ ಆದಮೇಲೂ ನನ್ನ ಕಾಲು ಯೋಚನೆ ಮಾಡದೆ ಅದನ್ನು ತಿರುಗಿಸಿತು. ಮೈ ಭಾರ ಬಿಟ್ಟೆ. ಲಿವರ್ ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಪುಣ್ಯಕ್ಕೆ ಅಲ್ಲಿಗೇ ನಿಲ್ಲಿಸಿದೆ. ಪಿಸ್ಟನ್ ಕಚ್ಚಿಕೊಂಡಿತ್ತು. ಆ ಸ್ಥಿತಿಯಲ್ಲಿ ಇನ್ನೂ ನಾಲ್ಕು ಸಲ ಹಾರಿ ಹೊಡೆದಿದ್ದರೆ ಕಿಕ್ಕರ್ ಗೇರಿನ ಹಲ್ಲೋ ಪಿಸ್ಟನ್ನಿನ ರಿಂಗೋ ಮುರಿಯುತ್ತಿತ್ತು.

ಕಚ್ಚಿಕೊಂಡ ಎಂಜಿನ್ನಿಗೆ ಬೇಕಾದದ್ದು ಶಕ್ತಿ ಅಲ್ಲ, ತಾಳ್ಮೆ. ಪ್ಲಗ್ ಬಿಚ್ಚಿ ಆ ತೂತಿನಿಂದ ಡೀಸೆಲ್ ಮತ್ತು ತೆಳು ಎಣ್ಣೆ ಬೆರೆಸಿ ಬಿಟ್ಟೆವು. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಗಾಡಿಯನ್ನು ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಆಡಿಸಿ ನೋಡುವುದು, ಬಿಡುವುದು. ಹೀಗೆ ಒಂಬತ್ತು ದಿನ. ಒಂಬತ್ತನೇ ದಿನ ಸಂಜೆ ಚಕ್ರದ ಜೊತೆ ಏನೋ ಒಳಗೆ ಜರುಗಿದ ಹಾಗಾಯಿತು. ಸದ್ದು ಬರಲಿಲ್ಲ, ಕೈಗೆ ಮಾತ್ರ ಗೊತ್ತಾಯಿತು. ಮೇಸ್ತ್ರಿ ‘ಸಾಕು, ಇವತ್ತು ಕೈ ತೆಗೀರಿ’ ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬಿಚ್ಚುವಾಗ ಒಂದು ಪದ್ಧತಿ ಇಟ್ಟುಕೊಳ್ಳಿ. ಪ್ರತಿ ಭಾಗ ಬಿಚ್ಚುವ ಮುಂಚೆ ಒಂದು ಫೋಟೋ, ಬಿಚ್ಚಿದ ಮೇಲೆ ಒಂದು ಫೋಟೋ. ಬೋಲ್ಟುಗಳನ್ನು ಅದೇ ಭಾಗದ ಜೊತೆ ಒಂದೇ ಡಬ್ಬಿಯಲ್ಲಿ ಹಾಕಿ ಮೇಲೆ ಬರೆದಿಡಿ. ಹಳೇ ಎಂಜಿನ್ ಕವರಿನಲ್ಲಿ ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ. ಉದ್ದದ್ದನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ಕೇಸ್ ಸೀಳುತ್ತದೆ. ಸ್ಕ್ರೂ ಬರದಿದ್ದರೆ ತಲೆ ಸವೆಯುವವರೆಗೆ ಕೊಸರಬೇಡಿ. ಇಂಪ್ಯಾಕ್ಟ್ ಸ್ಕ್ರೂಡ್ರೈವರ್ ಅಂತ ಬರುತ್ತದೆ, ಹಿಂದೆ ಸುತ್ತಿಗೆಯಲ್ಲಿ ಹೊಡೆದರೆ ತಾನೇ ತಿರುಗುತ್ತದೆ. ಈ ಕೆಲಸಕ್ಕೆ ನಾನು ತಗೊಂಡ ಉಪಕರಣಗಳಲ್ಲೆಲ್ಲ ಅದೇ ಅತಿ ಉಪಯೋಗಕ್ಕೆ ಬಂತು.

ಸಿಲಿಂಡರ್ ಎತ್ತಿದಾಗ ಒಳಗೋಡೆಯಲ್ಲಿ ಪಿಸ್ಟನ್ ನಿಂತಿದ್ದ ಜಾಗಕ್ಕೆ ಸರಿಯಾಗಿ ಒಂದು ತುಕ್ಕಿನ ಬಳೆ. ಉಗುರು ಆಡಿಸಿದರೆ ತಡೆಯುತ್ತಿತ್ತು. ಉಗುರಿಗೆ ತಡೆದರೆ ಬೋರ್ ಮಾಡಿಸಲೇಬೇಕು, ಅಂದರೆ ಒಳಗೋಡೆಯನ್ನು ಕೊರೆದು ನುಣುಪು ಮಾಡಿಸಬೇಕು, ಬೇರೆ ದಾರಿ ಇಲ್ಲ. ಸಿಲಿಂಡರ್ ಎರಕದ ಕಬ್ಬಿಣದ್ದು, ಚೆನ್ನಾಗಿ ಬೋರ್ ಆಗುತ್ತದೆ. ಕಂಪನಿಯಿಂದ ಬಂದಾಗ ಒಳ ಅಳತೆ 65 ಮಿಲಿಮೀಟರ್. ಓವರ್‌ಸೈಜ್‌ಗಳಿಗೆ, ಅಂದರೆ ಅದಕ್ಕಿಂತ ದೊಡ್ಡ ಪಿಸ್ಟನ್ ಅಳತೆಗಳಿಗೆ, ಒಂದೊಂದಾಗಿ ಹೋಗಬೇಕು. ಹಾರಬಾರದು. ಎಷ್ಟು ಕಡಿಮೆ ಕೊರೆಯುತ್ತೀರೋ ಅಷ್ಟು ಆಯಸ್ಸು ಮುಂದಿನವರಿಗೆ ಉಳಿಯುತ್ತದೆ. ಮತ್ತೆ, ಪಿಸ್ಟನ್ ಕೈಗೆ ಬಂದ ಮೇಲೆ ಬೋರ್ ಮಾಡಿಸಿ. ಮೊದಲು ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕಬೇಡಿ.

ರಿಂಗ್ ಹಾಕುವಾಗ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಕಾಲುವೆಯನ್ನು ಹತ್ತಿರದಿಂದ ನೋಡಿ. ಅದರೊಳಗೆ ಒಂದು ಸಣ್ಣ ಪಿನ್ ಇರುತ್ತದೆ, ಸಾಸಿವೆ ಕಾಳಿನಷ್ಟು. ರಿಂಗಿನ ಎರಡು ತುದಿ ಆ ಪಿನ್ನಿನ ಎರಡು ಪಕ್ಕಕ್ಕೆ ಕೂರಬೇಕು. ಟೂ ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ಕಿಟಕಿಗಳಿರುತ್ತವೆ ಅಲ್ವಾ, ಹೊಗೆ ಹೋಗಲು, ಪೆಟ್ರೋಲ್ ಬರಲು. ರಿಂಗ್ ತಿರುಗಿ ಅದರ ತುದಿ ಕಿಟಕಿಗೆ ಸಿಕ್ಕಿಕೊಂಡರೆ ಎಂಜಿನ್ ಅಲ್ಲಿಗೆ ಮುಗಿಯಿತು. ಅದು ತಿರುಗದ ಹಾಗೆ ಹಿಡಿಯುವುದು ಆ ಸಾಸಿವೆ ಕಾಳು.

ಈಗ ನಾನು ಮಾಡಿದ ದೊಡ್ಡ ತಪ್ಪು ಹೇಳುತ್ತೇನೆ. ಇದನ್ನು ಕೇಳಿಸಿಕೊಂಡರೆ ನಿಮಗೆ ಆರು ತಿಂಗಳು ಉಳಿಯುತ್ತದೆ.

ಬೋರ್ ಆಯಿತು, ಪಿಸ್ಟನ್ ಬಂತು, ಎಂಜಿನ್ ಕೇಸ್ ಬಿಚ್ಚುವುದು ದೊಡ್ಡ ಕೆಲಸ ಅಂತ ನಾನು ಅದನ್ನು ಬಿಟ್ಟುಬಿಟ್ಟೆ. ಒಳಗಿನ ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ಅಚ್ಚು, ಚೆನ್ನಾಗಿ ತಿರುಗುತ್ತಿದೆಯಲ್ಲ ಅಂದುಕೊಂಡೆ. ಮೇಸ್ತ್ರಿ ಬೇಡ ಅಂದರು. ನಾನು ಹಟ ಮಾಡಿ ಜೋಡಿಸಿಬಿಟ್ಟೆ. ಗಾಡಿ ಸ್ಟಾರ್ಟೂ ಆಯಿತು. ಕಾಂಪೌಂಡಿನ ತುಂಬ ಬಿಳಿ ಹೊಗೆ. ಟೂ ಸ್ಟ್ರೋಕ್ ಗಾಡಿ, ಹೊಗೆ ಬಂದೇ ಬರುತ್ತದೆ ಅಂತ ಎರಡು ದಿನ ಓಡಿಸಿದೆ. ಮೂರನೇ ದಿನ ಗೇರ್ ಆಯಿಲ್ ನೋಡಿದರೆ ಅರ್ಧ ಇಲ್ಲ. ನೆಲದ ಮೇಲೆ ಒಂದು ತೊಟ್ಟೂ ಬಿದ್ದಿರಲಿಲ್ಲ.

ಎಲ್ಲಿಗೆ ಹೋಯಿತು? ಇದು ಅರ್ಥವಾಗಬೇಕಾದರೆ ಟೂ ಸ್ಟ್ರೋಕ್ ಹೇಗೆ ಉಸಿರಾಡುತ್ತದೆ ಅಂತ ತಿಳಿಯಬೇಕು. ಪಿಸ್ಟನ್ ಮೇಲೆ ಹೋದಾಗ ಕೆಳಗಿನ ಕ್ರ್ಯಾಂಕ್ ಕೇಸ್ ಗಾಳಿ ಮತ್ತು ಪೆಟ್ರೋಲನ್ನು ಒಳಕ್ಕೆ ಎಳೆಯುತ್ತದೆ. ಪಿಸ್ಟನ್ ಕೆಳಗೆ ಬಂದಾಗ ಅದನ್ನೇ ಒತ್ತಿ ಮೇಲಕ್ಕೆ ಕಳಿಸುತ್ತದೆ. ಅಂದರೆ ಕ್ರ್ಯಾಂಕ್ ಕೇಸ್ ಬರೀ ಡಬ್ಬಿ ಅಲ್ಲ, ಅದೇ ಪಂಪು. ಪಂಪ್ ಅಂದಮೇಲೆ ಗಾಳಿ ಸೋರಬಾರದು. ಅದಕ್ಕೇ ಕ್ರ್ಯಾಂಕಿನ ಎರಡೂ ತುದಿಗೆ ರಬ್ಬರ್ ಸೀಲ್ ಹಾಕಿರುತ್ತಾರೆ. ಎಡಗಡೆ ಸೀಲಿನ ಆಚೆ ಕ್ಲಚ್ಚು, ಚೈನು, ಎಣ್ಣೆ. ಬಲಗಡೆ ಸೀಲಿನ ಆಚೆ ಡೈನಮೋ, ಬರೀ ಗಾಳಿ.

ಎಡಗಡೆ ಸೀಲ್ ಹೋದರೆ ಪಂಪು ಗೇರ್ ಆಯಿಲನ್ನೇ ಎಳೆದು ಸುಡುತ್ತದೆ. ಹೊಗೆ ಬರುತ್ತದೆ, ಪ್ಲಗ್ ಒದ್ದೆಯಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಬಲಗಡೆ ಸೀಲ್ ಹೋದರೆ ಏನೂ ಕಾಣುವುದಿಲ್ಲ, ಅದೇ ಅಪಾಯ. ಅಲ್ಲಿಂದ ಬರೀ ಗಾಳಿ ಜಾಸ್ತಿ ಹೋಗುತ್ತದೆ. ಪೆಟ್ರೋಲ್ ಕಡಿಮೆ, ಅದರ ಜೊತೆ ಬರುವ ಎಣ್ಣೆಯೂ ಕಡಿಮೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಇಳಿಯದೆ ಕಿರುಚುತ್ತದೆ. ಕಾದು ಕಾದು ಒಂದು ದಿನ ರಸ್ತೆ ಮಧ್ಯೆ ಪಿಸ್ಟನ್ ಕಚ್ಚುತ್ತದೆ, ಹಿಂದಿನ ಚಕ್ರ ನಿಂತುಬಿಡುತ್ತದೆ. ಹೊಸದಾಗಿ ಬೋರ್ ಮಾಡಿಸಿದ ಎಷ್ಟೋ ಗಾಡಿಗಳು ತಿಂಗಳೊಳಗೆ ಮತ್ತೆ ಸೀಜ್ ಆದಾಗ ಜನ ಪಿಸ್ಟನ್ ಮಾಡಿದವರನ್ನು ಬೈಯುತ್ತಾರೆ. ಮೊದಲು ಈ ಸೀಲ್ ನೋಡಿ.

ಕೊನೆಗೆ ಕೇಸ್ ಬಿಚ್ಚಿದೆವು. ಆ ಎರಡು ಸೀಲುಗಳನ್ನು ನಾನು ಇವತ್ತು ತಂದಿದ್ದೇನೆ, ಕೈಯಿಂದ ಕೈಗೆ ಕೊಟ್ಟು ನೋಡಿ. ರಬ್ಬರ್ ಅನ್ನಿಸುತ್ತದಾ? ಬಳೆ ಚೂರಿನ ಹಾಗೆ ಗಟ್ಟಿ. ನಿಂತಲ್ಲೇ ನಿಂತ ಗಾಡಿಯಲ್ಲಿ ಕಬ್ಬಿಣಕ್ಕಿಂತ ಮೊದಲು ಸಾಯುವುದು ರಬ್ಬರು. ಕೇಸ್ ಬಿಚ್ಚಿದ್ದಕ್ಕೆ ಇನ್ನೊಂದೂ ಗೊತ್ತಾಯಿತು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗ್ ಸವೆದಿತ್ತು. ರಾಡನ್ನು ಮೇಲೆ ಕೆಳಗೆ ಎಳೆದರೆ ಟಿಕ್ ಅನ್ನುತ್ತಿತ್ತು. ಪಕ್ಕಕ್ಕೆ ಸ್ವಲ್ಪ ಆಡಿದರೆ ಪರವಾಗಿಲ್ಲ, ಅದು ಇರಬೇಕಾದದ್ದೇ. ಮೇಲೆ ಕೆಳಗೆ ಆಡಬಾರದು. ಲೇತ್ ಅಂಗಡಿಯಲ್ಲಿ ಕ್ರ್ಯಾಂಕನ್ನು ಒತ್ತಿ ಬಿಡಿಸಿ, ಹೊಸ ರಾಡು ಬೇರಿಂಗು ಹಾಕಿ, ಮತ್ತೆ ಒತ್ತಿ, ಎರಡು ಬದಿ ಒಂದೇ ಗೆರೆಯಲ್ಲಿ ತಿರುಗುವ ಹಾಗೆ ತಾಮ್ರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ಸರಿ ಮಾಡಿದರು. ಅದನ್ನು ಮಾಡಿದವರಿಗೆ ಸುಮಾರು ಅರುವತ್ತು ವಯಸ್ಸು. ಮೀಟರಿನ ಮುಳ್ಳು ನೋಡುತ್ತಾರೆ, ಒಂದು ಏಟು ಹಾಕುತ್ತಾರೆ, ಮತ್ತೆ ನೋಡುತ್ತಾರೆ. ಮುಕ್ಕಾಲು ಗಂಟೆ ಯಾರ ಜೊತೆಗೂ ಮಾತಾಡಲಿಲ್ಲ. ಅಂಥವರು ನಿಮ್ಮ ಊರಿನಲ್ಲಿದ್ದರೆ ಈಗಲೇ ಹೋಗಿ ಪರಿಚಯ ಮಾಡಿಕೊಳ್ಳಿ. ಅವರು ಕೆಲಸ ನಿಲ್ಲಿಸುವ ಮುಂಚೆ ನಿಮ್ಮ ಕ್ರ್ಯಾಂಕ್ ಮಾಡಿಸಿಕೊಳ್ಳಿ.

ಬಿಡಿಭಾಗದ ವಿಷಯ. ಹೊಸದಾಗಿ ಮಾಡಿದ ಡೂಪ್ಲಿಕೇಟ್ ಈಗ ಬೇಕಾದಷ್ಟು ಸಿಗುತ್ತದೆ. ಕೇಬಲ್, ರಬ್ಬರ್, ಪ್ಯಾಕಿಂಗ್, ಕ್ಲಚ್ ಪ್ಲೇಟ್, ಇವನ್ನು ಹೊಸದೇ ಹಾಕಿ. ಆದರೆ ಗಟ್ಟಿ ಲೋಹದ ಭಾಗಗಳನ್ನು ಬಿಸಾಕುವ ಮುಂಚೆ ಹತ್ತು ಸಲ ಯೋಚಿಸಿ. ನನ್ನ ಗಾಡಿಯ ಸೈಲೆನ್ಸರುಗಳೇ ನೋಡಿ. ಎಡಗಡೆಯದ್ದರಲ್ಲಿ ಒಂದು ಗುಳಿ ಇದೆ, ಕ್ರೋಮ್ ಅಲ್ಲಲ್ಲಿ ಎದ್ದಿದೆ. ಹೊಸ ಜೋಡಿ ತರಿಸಿ ಹಾಕಿದೆವು, ಥಳಥಳ ಅನ್ನುತ್ತಿತ್ತು. ಸ್ಟಾರ್ಟ್ ಮಾಡಿದರೆ ಸದ್ದು ಬೇರೆ. ತಗಡಿನ ಡಬ್ಬ ಬಡಿದ ಹಾಗೆ. ಸದ್ದು ಇರುವುದು ಹೊರಗಿನ ಕ್ರೋಮಿನಲ್ಲಿ ಅಲ್ಲ, ಒಳಗಿನ ಕೊಳವೆಯಲ್ಲಿ. ಹಳೆಯದನ್ನೇ ಬಿಚ್ಚಿ, ಒಳಗಿನ ಕೊಳವೆ ಎಳೆದು, ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿ ಕಾರ್ಬನ್ ತೆಗೆದೆವು. ಅದಕ್ಕೆ ಗ್ಲೌಸ್ ಹಾಕಿ, ಕಣ್ಣಿಗೆ ಕನ್ನಡಕ ಹಾಕಿ, ಬಯಲಲ್ಲೇ ಮಾಡಿ. ಅಲ್ಯೂಮಿನಿಯಂ ಭಾಗಕ್ಕೆ ಮಾತ್ರ ಆ ನೀರು ತಗುಲಿಸಬೇಡಿ, ತಿಂದುಹಾಕುತ್ತದೆ. ಎರಡು ಸೈಲೆನ್ಸರಿನಿಂದ ಬಿದ್ದ ಕರಿ ಒಂದು ಮೊರದ ತುಂಬ ಇತ್ತು. ಮತ್ತೆ ಹಾಕಿ ಸ್ಟಾರ್ಟ್ ಮಾಡಿದಾಗ ಅಡುಗೆಮನೆಯಿಂದ ನಮ್ಮನೆಯವರು ಹೊರಗೆ ಬಂದು ನಿಂತರು. ಏನೂ ಹೇಳಲಿಲ್ಲ. ಆ ಸದ್ದಿಗೇ ಬಂದದ್ದು.

ಪೆಟ್ರೋಲ್ ಟ್ಯಾಂಕ್. ಒಳಗೆ ಕೈಬೆರಳು ಹಾಕಿ ನೋಡಿ, ತುಕ್ಕು ಪುಡಿ ಬಂದರೆ ಅದೆಲ್ಲ ನಾಳೆ ಕಾರ್ಬ್ಯುರೇಟರಿಗೆ ಹೋಗುತ್ತದೆ. ಸಣ್ಣ ನಟ್‌ಗಳನ್ನು ಹಾಕಿ ಅಲ್ಲಾಡಿಸಿ, ವಿನೆಗರ್ ತುಂಬಿ ಎರಡು ದಿನ ಬಿಟ್ಟು, ಅಡುಗೆ ಸೋಡಾ ಹಾಕಿದ ನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಆಡಿಸಬೇಕು. ಒಂದು ಗಂಟೆ ಬಿಟ್ಟರೂ ಮತ್ತೆ ಕೆಂಪಾಗುತ್ತದೆ. ತೂತಿದ್ದರೆ ಬೆಸುಗೆ ಬೇಕಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಖಾಲಿ ಟ್ಯಾಂಕ್ ಅಂತ ಬೆಂಕಿ ಹಿಡಿಯಬೇಡಿ. ಪೆಟ್ರೋಲ್ ಖಾಲಿಯಾಗಿ ವರ್ಷ ಕಳೆದಿದ್ದರೂ ಆವಿ ಇರುತ್ತದೆ, ಸಿಡಿಯುತ್ತದೆ. ಚೆನ್ನಾಗಿ ತೊಳೆದು, ಬೆಸುಗೆಯ ಜಾಗ ಬಿಟ್ಟು ಉಳಿದಷ್ಟಕ್ಕೂ ನೀರು ತುಂಬಿ, ಗೊತ್ತಿದ್ದವರ ಕೈಯಲ್ಲಿ ಮಾಡಿಸಿ.

ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥನಾಲ್ ಇರುತ್ತದೆ. ನಮ್ಮ ಗಾಡಿ ಹುಟ್ಟಿದ ಕಾಲದಲ್ಲಿ ಹಾಗಿರಲಿಲ್ಲ. ಎಥನಾಲ್ ಹಳೇ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯಲ್ಲಿನ ನೀರನ್ನು ಹೀರುತ್ತದೆ. ಪೈಪು, ಕಾಕಿನ (ಟ್ಯಾಂಕಿನ ಕೆಳಗಿನ ನಲ್ಲಿಯ) ರಬ್ಬರು ಇವನ್ನೆಲ್ಲ ಅದಕ್ಕೆ ತಡೆಯುವಂಥದ್ದು ಹಾಕಿ. ತಿಂಗಳುಗಟ್ಟಲೆ ಓಡಿಸದಿದ್ದರೆ ಕಾರ್ಬ್ಯುರೇಟರ್ ಖಾಲಿ ಮಾಡಿ ಇಡಿ. ಪೆಟ್ರೋಲಿಗೆ ಟೂ ಸ್ಟ್ರೋಕ್ ಎಣ್ಣೆ ಬೆರೆಸುವುದು ಲೀಟರಿಗೆ 40 ಎಂಎಲ್. ಕಡಿಮೆ ಹಾಕಿ ಹೊಗೆ ಕಡಿಮೆ ಮಾಡೋಣ ಅಂತ ಕೆಲವರು ಹೇಳುತ್ತಾರೆ. ಮಾಡಬೇಡಿ. ಆ ಪಿಸ್ಟನ್ನಿಗೆ ಬೇರೆ ಎಣ್ಣೆ ಇಲ್ಲ.

ಬ್ರೇಕ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡೂ ಡ್ರಮ್ಮು. ಲೈನರ್ ಹೊಸದು ಹಾಕಿಸಿ, ಡ್ರಮ್ ಲೇತಿನಲ್ಲಿ ಸರಿ ಮಾಡಿಸಿ. ಟೈರಿನ ಪದರ ಎಷ್ಟೇ ಇದ್ದರೂ ಹಳೇ ಟೈರಿನಲ್ಲಿ ರಸ್ತೆಗೆ ಇಳಿಯಬೇಡಿ. ಚೈನ್ ವಿಷಯದಲ್ಲಿ ಮಾತ್ರ ಒಂದು ಖುಷಿ ಹಂಚಿಕೊಳ್ಳಬೇಕು. ಜಾವಾದ ಚೈನಿಗೆ ಪೂರ್ತಿ ಮುಚ್ಚಿದ ಕೇಸ್ ಇರುತ್ತದೆ. 24 ವರ್ಷದ ಮೇಲೆ ಅದನ್ನು ತೆಗೆದರೆ ನಾನೇ ಹಾಕಿದ ಗ್ರೀಸು ಕಪ್ಪಗೆ ಹಾಗೇ ಇತ್ತು, ಕೆಳಗೆ ಚೈನು ಸೊಗಸಾಗಿತ್ತು. ಅದೇ ಚೈನ್ ಈಗಲೂ ಓಡುತ್ತಿದೆ.

ಕ್ಲಚ್ಚಿನದು ಒಂದು ವಿಶೇಷ ಇದೆ, ಅದನ್ನು ಹೇಳದಿದ್ದರೆ ಜಾವಾ ಬಗ್ಗೆ ಮಾತಾಡಿದ ಹಾಗೆ ಆಗುವುದಿಲ್ಲ. ಗೇರ್ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡುತ್ತದೆ. ಕೈಯಲ್ಲಿ ಹಿಡಿಯಬೇಕಾಗಿಲ್ಲ. ಎಂಜಿನ್ ನಿಂತಿರುವಾಗ ಕಾಲಲ್ಲಿ ಗೇರ್ ಒತ್ತಿ ಹಿಡಿದು ಕ್ಲಚ್ ಲಿವರ್ ಮುಟ್ಟಿ ನೋಡಿ, ಸಡಿಲ ಆಗಿರುತ್ತದೆ. ಸಡಿಲ ಆಗದಿದ್ದರೆ ಒಳಗಿನ ಹೊಂದಿಕೆ ಸರಿ ಇಲ್ಲ ಅಂತ ಅರ್ಥ. ಎಷ್ಟೋ ಗ್ಯಾರೇಜಿನಲ್ಲಿ ಇದು ತಲೆನೋವು ಅಂತ ಕೆಲಸ ಮಾಡದ ಹಾಗೆ ಬಿಟ್ಟುಬಿಡುತ್ತಾರೆ. ಬಿಡಿಸಬೇಡಿ. ಅಷ್ಟು ಹಿಂದೆಯೇ ಇಂಥದ್ದೊಂದನ್ನು ಯೋಚನೆ ಮಾಡಿ ಮಾಡಿದ್ದಾರಲ್ಲ, ಅದು ಕೆಲಸ ಮಾಡಬೇಕು.

ವೈರಿಂಗ್ 6 ವೋಲ್ಟಿನದು. ಹಳೇ ವೈರಿನ ಮೈ ಮುಟ್ಟಿದರೆ ಉದುರುತ್ತಿತ್ತು, ಪೂರ್ತಿ ಹೊಸದು ಎಳೆದೆವು. ಪ್ಲಗ್ಗಿಗೆ ಕಿಡಿ ಕೊಡಿಸುವ ಪಾಯಿಂಟಿನ ಗ್ಯಾಪ್ 0.4 ಮಿಲಿಮೀಟರ್ ಇಟ್ಟೆವು. ಅದರ ಜೊತೆಗಿರುವ ಕಂಡೆನ್ಸರ್ ಕಣ್ಣಿಗೆ ಚೆನ್ನಾಗಿ ಕಂಡರೂ ಬದಲಾಯಿಸಿ. ಆಮೇಲೆ ಫ್ರೇಮಿಗೆ ಪೌಡರ್ ಕೋಟಿಂಗ್ ಆಗಿ ಬಂದು, ಎಲ್ಲ ಜೋಡಿಸಿ, ಕೀ ಒತ್ತಿದರೆ ಒಂದು ಲೈಟೂ ಇಲ್ಲ. ಎರಡು ದಿನ ಒಂದೊಂದೇ ವೈರ್ ಪರೀಕ್ಷೆ ಮಾಡಿದೆವು. ಮೇಸ್ತ್ರಿ ಬಂದು ಬ್ಯಾಟರಿಯ ಅರ್ತ್ ಬೋಲ್ಟ್ ಬಿಚ್ಚಿ, ಅದರ ಕೆಳಗೆ ಬ್ಲೇಡಿನಲ್ಲಿ ಎಂಟಾಣೆ ಅಗಲ ಬಣ್ಣ ಕೆರೆದು ಮತ್ತೆ ಬಿಗಿದರು. ಎಲ್ಲ ಹೊತ್ತಿಕೊಂಡಿತು. ಹೊಸ ಬಣ್ಣ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಕರೆಂಟಿಗೆ ಕಬ್ಬಿಣವೇ ಸಿಕ್ಕಿರಲಿಲ್ಲ.

ಅದೇ ಪೌಡರ್ ಕೋಟಿಂಗ್ ಬಗ್ಗೆ ಇನ್ನೊಂದು ಮಾತು, ಇದು ದುಡ್ಡಿನದಲ್ಲ, ಕಾಗದದ್ದು. ಫ್ರೇಮಿನ ತಲೆ ಭಾಗದಲ್ಲಿ ಚಾಸಿ ನಂಬರ್ ಕೊರೆದಿರುತ್ತದೆ. ಮರಳು ಹೊಡೆದು, ದಪ್ಪ ಕೋಟಿಂಗ್ ಕೊಟ್ಟರೆ ಆ ಅಂಕಿಗಳು ಮುಚ್ಚಿಹೋಗುತ್ತವೆ. ನನಗೆ ಪರಿಚಯದ ಒಬ್ಬರ ಗಾಡಿಯಲ್ಲಿ ಹೀಗಾಗಿ ಪರಿಶೀಲನೆಯಲ್ಲಿ ನಂಬರ್ ಓದಲಾಗದೆ ತಿಂಗಳುಗಟ್ಟಲೆ ಅಲೆದರು. ಕೊಡುವ ಮುಂಚೆ ಆ ಜಾಗಕ್ಕೆ ಟೇಪ್ ಹಾಕಿಸಿ, ಫೋಟೋ ತೆಗೆದಿಡಿ. ಆರ್‌ಸಿ ಯಾವ ಸ್ಥಿತಿಯಲ್ಲಿದೆ ಅಂತ ಗಾಡಿ ಬಿಚ್ಚುವ ಮುಂಚೆಯೇ ನೋಡಿ. ಖಾಸಗಿ ಗಾಡಿಗೆ 15 ವರ್ಷ ಆದಮೇಲೆ ಐದೈದು ವರ್ಷಕ್ಕೆ ನವೀಕರಣ ಆಗಬೇಕು. 2021ರಿಂದ ವಿಂಟೇಜ್ ನೋಂದಣಿ ಅಂತ ಬೇರೆಯೇ ಬಂದಿದೆ. 50 ವರ್ಷ ದಾಟಿದ ಗಾಡಿಗೆ, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಮಾಡಿರದಿದ್ದರೆ ಮಾತ್ರ. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಅಂತ ಬರುತ್ತದೆ. ಆದರೆ ಆ ನೋಂದಣಿ ಮಾಡಿಸಿದರೆ ದಿನಾ ರಸ್ತೆಯಲ್ಲಿ ಓಡಿಸುವ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ ಇಂಥದ್ದಕ್ಕೆ ಮಾತ್ರ. ನನಗೆ ಹಾಲು ತರಲೂ ಇದೇ ಗಾಡಿ ಬೇಕು. ಅದಕ್ಕೇ ನಾನು ಹಳೇ ನೋಂದಣಿಯನ್ನೇ ನವೀಕರಿಸಿಕೊಂಡೆ. ‘ಎಂವೈ’ ಇಂದ ಶುರುವಾಗುವ ಆ ಹಳೇ ನಂಬರೂ ಹಾಗೇ ಉಳಿಯಿತು.

ಈಗ ಬಣ್ಣ. ಕೊನೆಗೆ ಅಂದೆನಲ್ಲ, ಕೊನೆಗೇ ಬಂದೆ.

1969ರಲ್ಲಿ ಇದು ಮರೂನ್ ಬಣ್ಣದ್ದು ಅಂತ ಚಿಕ್ಕಪ್ಪ ಹೇಳುತ್ತಿದ್ದರು. ನಾನು ನೋಡಿರಲಿಲ್ಲ. ನನಗೆ ಬುದ್ಧಿ ಬರುವಷ್ಟರಲ್ಲಿ ಅವರು ಕಪ್ಪು ಹೊಡೆಸಿದ್ದರು. ನಾನು 1987ರಲ್ಲಿ ಅದರ ಮೇಲೆ ಕೆಂಪು ಹೊಡೆಸಿದೆ. ಮರೂನ್ ಅಂದರೆ ಯಾವ ಮರೂನ್? ಅಂಗಡಿಯಲ್ಲಿ ಹನ್ನೊಂದು ತರದ ಮರೂನ್ ತೋರಿಸಿದರು. ಒಂದು ಬದನೆಕಾಯಿ, ಒಂದು ದಾಳಿಂಬೆ, ಒಂದು ಇಟ್ಟಿಗೆ. ಚಿಕ್ಕಪ್ಪನಿಗೆ 84 ವರ್ಷ, ಕಣ್ಣಿನ ಆಪರೇಷನ್ ಆಗಿದೆ. ಅವರು ಮೂರನ್ನು ತೋರಿಸಿ ‘ಇದೇ ಇರಬೇಕು ಕಣೋ’ ಅಂದರು.

ಟ್ಯಾಂಕಿನ ಎರಡು ಪಕ್ಕ ಮೊಣಕಾಲು ಒರಗಿಸಲು ರಬ್ಬರ್ ಪ್ಯಾಡ್ ಇರುತ್ತದಲ್ಲ, ಅದನ್ನು ಎಡಗಡೆ ಬಿಚ್ಚಲು ಹೋದರೆ ಬರಲಿಲ್ಲ. ಟ್ಯಾಂಕಿಗೆ ಅಂಟಿಕೊಂಡಿತ್ತು. ಹಿಂದೆ ಬಣ್ಣ ಹೊಡೆದ ಇಬ್ಬರೂ ಅದನ್ನು ತೆಗೆಯದೆ ಸುತ್ತ ಟೇಪ್ ಹಾಕಿ ಹೊಡೆದಿದ್ದರು. ಸುಮ್ನೆ ಕಿತ್ತರೆ ಹರಿಯುತ್ತದೆ ಅಂತ ಬಿಸಿನೀರಿನ ಬಟ್ಟೆ ಇಟ್ಟು ಇಟ್ಟು ಸ್ವಲ್ಪ ಸ್ವಲ್ಪವೇ ಎಬ್ಬಿಸಿದೆ. ಅಡಿಯಲ್ಲಿ ಅಂಗೈ ಅಗಲ ಜಾಗ. ಕಪ್ಪು ಮುಟ್ಟಿರಲಿಲ್ಲ, ಕೆಂಪು ಮುಟ್ಟಿರಲಿಲ್ಲ, ಬಿಸಿಲೂ ಮುಟ್ಟಿರಲಿಲ್ಲ. ಕಾರ್ಖಾನೆಯಿಂದ ಬಂದ ಮರೂನ್. ನಾನು ಅಂದುಕೊಂಡದ್ದಕ್ಕಿಂತ ಗಾಢ, ಒಳಗೆ ಒಂಚೂರು ಕಂದು. ತಂಬಿಟ್ಟಿಗೆ ಬೆಲ್ಲ ಪಾಕ ಬಂದಾಗ ತಳದಲ್ಲಿ ಒಂದು ಬಣ್ಣ ಕಾಣುತ್ತದಲ್ಲ, ಅದಕ್ಕೆ ಕೆಂಪು ಸೇರಿಸಿದ ಹಾಗೆ. ಚಿಕ್ಕಪ್ಪ ತೋರಿಸಿದ್ದ ಮೂರೂ ಅಲ್ಲ.

ಟ್ಯಾಂಕನ್ನೇ ಬಟ್ಟೆಯಲ್ಲಿ ಸುತ್ತಿ ಪೇಂಟ್ ಮಾಡುವವರ ಹತ್ತಿರ ಒಯ್ದೆ. ಅವರು ಅಂಗಡಿ ಒಳಗೆ ಬೆರೆಸಿ, ಹೊರಗೆ ಬಿಸಿಲಿಗೆ ತಂದು ಪಕ್ಕದಲ್ಲಿಟ್ಟು, ಮತ್ತೆ ಒಳಗೆ ಹೋಗಿ, ಹೀಗೆ ಒಂದು ಬೆಳಿಗ್ಗೆ ಪೂರ್ತಿ ಮಾಡಿದರು. ಬಂಗಾರದ ಗೆರೆಗಳಿಗೆ ಸ್ಟಿಕ್ಕರ್ ಅಂಟಿಸೋಣ ಅಂದರು. ನಾನು ಒಪ್ಪಲಿಲ್ಲ. ಅಂಗಡಿ ಬೋರ್ಡ್ ಬರೆಯುತ್ತಿದ್ದ ಒಬ್ಬರನ್ನು ಹುಡುಕಿದೆ. ಅವರ ಕುಂಚದ ಕೂದಲು ನನ್ನ ಕಿರುಬೆರಳಿಗಿಂತ ಉದ್ದ. ಉಸಿರು ಹಿಡಿದು ಒಂದೇ ಎಳೆತಕ್ಕೆ ಟ್ಯಾಂಕಿನ ತುದಿಯಿಂದ ತುದಿಗೆ ಗೆರೆ ಎಳೆದರು. ಹತ್ತಿರದಿಂದ ನೋಡಿದರೆ ಗೆರೆ ಒಂದು ಕಡೆ ಸ್ವಲ್ಪ ದಪ್ಪ, ಒಂದು ಕಡೆ ತೆಳು. ಕೈಯಲ್ಲಿ ಎಳೆದದ್ದು ಅಂತ ಅಲ್ಲಿ ಗೊತ್ತಾಗುತ್ತದೆ. ಆ ಅಂಗೈ ಅಗಲ ಜಾಗಕ್ಕೆ ಮಾತ್ರ ಹೊಸ ಬಣ್ಣ ಹೊಡೆಸಲಿಲ್ಲ. ಪ್ಯಾಡಿನ ಕೆಳಗೆ ಹಾಗೇ ಇದೆ. ಮುಂದೆ ಯಾರಾದರೂ ಬಿಚ್ಚಿದರೆ ಅವರಿಗೂ ಸಿಗಲಿ.

ಗಾಡಿ ಪೂರ್ತಿ ತಯಾರಾದದ್ದು 2023ರ ಜೂನ್ ಕೊನೆಗೆ. ಮೊದಲ 500 ಕಿಲೋಮೀಟರ್ 40ರ ಮೇಲೆ ಹೋಗಲಿಲ್ಲ, ಎಣ್ಣೆ ಸ್ವಲ್ಪ ಜಾಸ್ತಿಯೇ ಹಾಕಿದೆ. ಹೊಸ ಬೋರ್ ಮಾಡಿಸಿದವರು ಈ 500 ಕಿಲೋಮೀಟರ್ ತಡೆದುಕೊಳ್ಳಲೇಬೇಕು. ಜುಲೈ ಎರಡನೇ ಭಾನುವಾರ ಜಾವಾ ದಿನ, ನಿಮಗೆ ಗೊತ್ತಿರಬಹುದು. ಎಲ್ಲರೂ ಗಾಡಿ ತಂದು ಸೇರುತ್ತಾರೆ. ಆ ವರ್ಷ ನಾನು ಹೋಗಲಿಲ್ಲ. ಬೆಳಿಗ್ಗೆ ಚಿಕ್ಕಪ್ಪನ ಮನೆಗೆ ಹೋದೆ. ಅವರಿಗೆ ಬರುತ್ತೇನೆ ಅಂತಷ್ಟೇ ಹೇಳಿದ್ದೆ, ಗಾಡಿ ವಿಷಯ ಹೇಳಿರಲಿಲ್ಲ. ರಸ್ತೆ ತಿರುವಿನಲ್ಲಿ ಗೇರ್ ಇಳಿಸಿದೆ. ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಅವರು ಕುರ್ಚಿಯಿಂದ ಎದ್ದು ಕಂಬ ಹಿಡಿದು ನಿಂತಿದ್ದರು. ಬಣ್ಣ ನೋಡಲಿಲ್ಲ, ಗೆರೆ ನೋಡಲಿಲ್ಲ. ‘ಟೈಮಿಂಗ್ ಒಂಚೂರು ಮುಂದಿದೆ ಕಣೋ, ಕೇಳಿಸ್ತಿಲ್ವಾ?’ ಅಂದರು. ಮಾರನೇ ದಿನ ಮೇಸ್ತ್ರಿ ಹತ್ತಿರ ಕಿಡಿ ಬೀಳುವ ಹೊತ್ತು ನೋಡಿಸಿದೆ. ಮುಂದೇ ಇತ್ತು.

ಗಾಡಿ ಹೊರಗೆ ಬೇವಿನ ಮರದ ಕೆಳಗೆ ನಿಲ್ಲಿಸಿದ್ದೇನೆ. ತಣ್ಣಗಿರುವಾಗ ಕಾಕ್ ತೆಗೆದು ಒಂದು ನಿಮಿಷ ಬಿಡಬೇಕು, ಕಾರ್ಬ್ಯುರೇಟರಿನ ಮೇಲಿನ ಸಣ್ಣ ಗುಂಡಿ ಒತ್ತಿ ಪೆಟ್ರೋಲ್ ಬೆರಳಿಗೆ ತಾಗುವವರೆಗೆ ಕಾಯಬೇಕು. ನಾನು ಮುಂದೆ ಹೋಗಿ ಕಾಕ್ ತೆಗೆದಿರುತ್ತೇನೆ. ಜಾವಾ ಕಿಕ್ ಇದುವರೆಗೆ ಹೊಡೆಯದೇ ಇರುವವರು ಮೊದಲು ಬನ್ನಿ.